ನಿಧಾನ ಮಾಡಬಲ್ಲ ದೋಣಿಯೇ ನನ್ನ ದೋಣಿ: ನದಿಯ ಫ್ಲೈ ಫಿಶಿಂಗ್‌ಗೆ ನಾನು ಸರಂಜಾಮು ಆರಿಸಿದ ಬಗೆ

ಹರಿಯುವ ನೀರಿನಲ್ಲಿ ಫ್ಲೈ ಫಿಶಿಂಗ್ ಮಾಡಲು ಯಾವ ದೋಣಿ ಒಳ್ಳೆಯದು ಎಂದು ಕೇಳಿದವರಿಗೆಲ್ಲ ನಾನು ಮರುಪ್ರಶ್ನೆ ಹಾಕುತ್ತೇನೆ: ಸೆಳವಿನ ನಡುವೆ ಆ ದೋಣಿಯನ್ನು ನಿಧಾನ ಮಾಡಲು ನಿಮ್ಮ ತೋಳಿಗೆ ಆಗುತ್ತದೆಯೇ? ಎಷ್ಟು ಜನ ಕೂರಬಹುದು, ಎಷ್ಟು ಭಾರ ತಾಳುತ್ತದೆ ಎಂಬುದೆಲ್ಲ ಆಮೇಲಿನ ಮಾತು. ದೋಣಿ, ಹುಟ್ಟು, ಲಂಗರು, ಕೊನೆಗೆ ಗಾಳದ ಕೋಲಾದ ರಾಡು ಮತ್ತು ಅದರ ದಾರವಾದ ಲೈನನ್ನೂ ನಾನು ಆರಿಸಿದ್ದು ಈ ಒಂದು ಪ್ರಶ್ನೆಯನ್ನು ಮುಂದಿಟ್ಟುಕೊಂಡೇ.

ಕಾರಣ ಇದು. ಫ್ಲೈ ಎಂದರೆ ಕೊಕ್ಕೆಗೆ ಗರಿ, ಕೂದಲು, ನೂಲು ಸುತ್ತಿ ಮಾಡಿದ ಹುಳುವಿನ ರೂಪ. ಅದಕ್ಕೆ ತನ್ನದೆಂಬ ತೂಕ ಇಲ್ಲವೆನ್ನುವಷ್ಟು ಕಡಿಮೆ. ದಪ್ಪ ಲೈನಿನ ತೂಕವೇ ಅದನ್ನು ದೂರಕ್ಕೆ ಒಯ್ಯುತ್ತದೆ. ನೀರಿಗೆ ಬಿದ್ದ ಮೇಲೆ ಅದು ತಾನು ಬಿದ್ದ ಜಾಗದ ನೀರು ಎಷ್ಟು ವೇಗವಾಗಿ ಹರಿಯುತ್ತದೋ ಅಷ್ಟೇ ವೇಗದಲ್ಲಿ ತೇಲಬೇಕು. ಲೈನು ಎಳೆದು ಸ್ವಲ್ಪ ಅಡ್ಡ ಜಾರಿತೋ, ಟ್ರೌಟ್‌ನಂಥ ಮೀನು ಹತ್ತಿರ ಬಂದರೂ ಬಾಯಿ ಹಾಕದೆ ತಿರುಗಿಬಿಡುತ್ತದೆ. ಈ ಎಳೆತವನ್ನು ನಾವು ಡ್ರ್ಯಾಗ್ ಎನ್ನುತ್ತೇವೆ. ದಡದಲ್ಲಿ ನಿಂತು ಎಸೆದಾಗ ನಮಗೂ ಫ್ಲೈಗೂ ನಡುವೆ ಬೇರೆ ಬೇರೆ ವೇಗದ ನೀರಿನ ಪಟ್ಟಿಗಳಿರುತ್ತವೆ, ಹಾಗಾಗಿ ನಾಲ್ಕು ಮಾರು ತೇಲುವಷ್ಟರಲ್ಲಿ ಡ್ರ್ಯಾಗ್ ಶುರುವಾಗುತ್ತದೆ. ದೋಣಿಯೂ ಫ್ಲೈಯೂ ಜೊತೆಜೊತೆಯಾಗಿ ಸಾಗಿದರೆ ಒಂದೇ ಎಸೆತ ಇಡೀ ದಂಡೆಯುದ್ದಕ್ಕೂ ತೇಲುತ್ತದೆ. ದೋಣಿಯ ನಿಜವಾದ ಲಾಭ ಇದೇ.

ಆದರೆ ಮೀನು ನಿಲ್ಲುವುದು ಅಂಚಿನ ನಿಧಾನ ನೀರಿನಲ್ಲಿ, ಬಂಡೆಯ ಮರೆಯಲ್ಲಿ, ಓಡುವ ನೀರೂ ನಿಂತಂತಿರುವ ನೀರೂ ಕೂಡುವ ಗೆರೆಯಲ್ಲಿ. ದೋಣಿ ಇರುವುದು ನಡುವಿನ ವೇಗದ ಸೆಳವಿನಲ್ಲಿ. ಸುಮ್ಮನೆ ಬಿಟ್ಟರೆ ಅದು ಫ್ಲೈಯನ್ನು ಹಿಂದೆ ಹಾಕಿ ಮುಂದೆ ಓಡುತ್ತದೆ, ಮತ್ತೆ ಲೈನು ಎಳೆಯುತ್ತದೆ. ಆದ್ದರಿಂದ ಹುಟ್ಟಿನಲ್ಲಿ ಕೂತವರು ನೀರಿಗೆ ಎದುರಾಗಿ ಹುಟ್ಟು ಹಾಕುತ್ತಾ ದೋಣಿಯ ವೇಗವನ್ನು ಫ್ಲೈಯ ವೇಗಕ್ಕೆ ಇಳಿಸಬೇಕು. ನಾನು ಹೆಚ್ಚು ಹೊತ್ತು ಕಳೆಯುವುದು ಹುಟ್ಟಿನಲ್ಲೇ, ಮತ್ತು ಒಳ್ಳೆಯ ಮೀನು ಸಿಕ್ಕಾಗ ಅದರಲ್ಲಿ ಅರ್ಧ ಪಾಲು ಹುಟ್ಟು ಹಾಕಿದವರದ್ದು ಎಂದು ಗಟ್ಟಿಯಾಗಿ ನಂಬಿದವನು.

ಈ ವಿದ್ಯೆ ತಾನಾಗಿ ಬಂದದ್ದಲ್ಲ. 1869ರಲ್ಲಿ ಅಮೆರಿಕದ ಅನ್ವೇಷಕ ಜಾನ್ ವೆಸ್ಲಿ ಪೊವೆಲ್ ಅವರ ತಂಡ ಅಲ್ಲಿನ ಗ್ರೀನ್ ಮತ್ತು ಕೊಲೊರಾಡೊ ನದಿಗಳನ್ನು ಇಳಿದಾಗ ಹುಟ್ಟು ಹಾಕುವವರು ಹೋಗುವ ದಿಕ್ಕಿಗೆ ಬೆನ್ನು ಮಾಡಿ ಕೂರುತ್ತಿದ್ದರು. ಅವರ ದೋಣಿಗಳು ನೇರವಾಗಿ ಓಡಲು ತಕ್ಕವು, ಬಂಡೆಗಳ ನಡುವೆ ಚಟ್ಟನೆ ತಿರುಗಲು ಅಲ್ಲ. 1890ರ ದಶಕದಲ್ಲಿ ನಥಾನಿಯಲ್ ಗ್ಯಾಲೊವೇ ಎಂಬ ಬೇಟೆಗಾರ ಹಗುರವಾದ, ಚಪ್ಪಟೆ ತಳದ ದೋಣಿಯಲ್ಲಿ ಕೆಳಹರಿವಿಗೆ ಮುಖ ಮಾಡಿ ಕೂತು, ಬರುವ ಬಂಡೆಯನ್ನು ಕಣ್ಣಾರೆ ನೋಡುತ್ತಾ, ಸೆಳವಿಗೆ ಎದುರಾಗಿ ಹುಟ್ಟೆಳೆದು ಇಳಿಯುವ ಕ್ರಮವನ್ನು ಬಳಕೆಗೆ ತಂದ. ವೇಗ ಹೆಚ್ಚಿಸಿ ಅಪಾಯ ದಾಟುವ ಬದಲು ವೇಗ ತಗ್ಗಿಸಿ ಪಕ್ಕಕ್ಕೆ ಸರಿಯುವುದು ಅವನ ದಾರಿ. ಇಂದು ನದಿಯಲ್ಲಿ ಮೀನು ಹಿಡಿಯುವ ಗಟ್ಟಿ ಮೈಯ ಡ್ರಿಫ್ಟ್ ಬೋಟಾಗಲಿ, ಗಾಳಿ ತುಂಬಿ ಚೌಕಟ್ಟು ಕಟ್ಟಿದ ರಾಫ್ಟಾಗಲಿ ನಡೆಯುವುದು ಇದೇ ಕ್ರಮದಲ್ಲಿ.

ದೋಣಿಗಿಂತ ಮೊದಲು ನಾನು ನೋಡಿದ್ದು ನದಿಯನ್ನು. ಯಾವ ಪಾತ್ರದಲ್ಲಿ ಹೆಚ್ಚು ಇಳಿಯುತ್ತೇನೋ ಅದರ ದಂಡೆಯನ್ನು ನೀರು ಇಳಿದಾಗಲೂ ನೀರು ಏರಿದಾಗಲೂ ನಡೆದು ನೋಡಿದೆ. ನೀರು ಇಳಿದ ದಿನ ಬಂಡೆಗಳ ಲೆಕ್ಕ ಸಿಗುತ್ತದೆ, ಎಲ್ಲಿ ತಳ ಉಜ್ಜುತ್ತದೆ ಎಂದು ಗೊತ್ತಾಗುತ್ತದೆ. ನೀರು ಏರಿದ ದಿನ ಯಾವ ಮರ ಅಡ್ಡ ಬಿದ್ದಿದೆ, ಸೆಳವು ಯಾವ ದಡಕ್ಕೆ ಒತ್ತುತ್ತದೆ ಎಂದು ತಿಳಿಯುತ್ತದೆ. ನದಿಯ ಹರಿವಿನ ಅಳತೆ ಸಿಗುವ ಕಡೆ ಅದನ್ನೂ ಬರೆದಿಟ್ಟುಕೊಂಡೆ. ಕೆಲವು ಕಡೆ ಸೆಕೆಂಡಿಗೆ ಇಷ್ಟು ಘನ ಮೀಟರ್ ಎಂದು ಕೊಡುತ್ತಾರೆ, ಕೆಲವು ಕಡೆ ಘನ ಅಡಿ ಎಂದು. ಒಂದು ಘನ ಮೀಟರ್ ಎಂದರೆ ಸುಮಾರು 35.3 ಘನ ಅಡಿ. ನೀರಿನ ವೇಗ ಎರಡು ಪಟ್ಟಾದರೆ ಅದು ದೋಣಿಯನ್ನೋ ಕಾಲನ್ನೋ ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ನಿನ್ನೆ ಸಲೀಸಾಗಿ ತಡೆದು ನಿಲ್ಲಿಸಿದ ದೋಣಿ ಇಂದು ಕೈಗೆ ಸಿಗದಿರುವುದಕ್ಕೆ ಇದೇ ಕಾರಣ. ನದಿಯ ಕಷ್ಟವನ್ನು 1ರಿಂದ 6ರವರೆಗೆ ಅಳೆಯುವ ಅಂತರರಾಷ್ಟ್ರೀಯ ಶ್ರೇಣಿಯಲ್ಲಿ ಮೊದಲ ಎರಡು ದರ್ಜೆಯ ನೀರಿನಲ್ಲಿ ಮಾತ್ರ ನಾನು ಮೀನು ಹಿಡಿಯುತ್ತೇನೆ. ಮೂರನೆಯ ದರ್ಜೆ ಎದುರಾದರೆ ಎಲ್ಲರೂ ಕೂತು, ರಾಡುಗಳನ್ನು ಕಟ್ಟಿಟ್ಟು, ಬರೀ ದಾಟುವ ಕೆಲಸ.

ಇನ್ನು ದೋಣಿಗಳು. ಕೂತು ಕಾಲಲ್ಲಿ ಫಿನ್ ಕಟ್ಟಿಕೊಂಡು ತೇಲುವ ಫ್ಲೋಟ್ ಟ್ಯೂಬನ್ನು ನದಿಗೆ ಬೇಡವೇ ಬೇಡ ಎಂದು ಬಿಟ್ಟೆ. ಅದು ನಿಂತ ನೀರಿನ ಸಾಧನ. ಸೆಳವಿಗೆ ಎದುರಾಗಿ ನಿಲ್ಲುವ ಬಲ ಕಾಲಿನ ಫಿನ್‌ಗೆ ಇಲ್ಲ, ಕೆಳಗೆ ಇಳಿಬಿದ್ದ ಕಾಲು ಮುಳುಗಿದ ಕೊಂಬೆಗೆ ಸಿಕ್ಕಿಕೊಂಡರೆ ಬಿಡಿಸಿಕೊಳ್ಳುವುದು ಕಷ್ಟ. ಕಯಾಕ್ ಬೇರೆ ಥರ. ಅದರಲ್ಲಿ ಎರಡೂ ಕೈ ಪ್ಯಾಡಲ್‌ಗೇ ಬೇಕು. ಎಸೆಯಲು ಕೈ ಬಿಟ್ಟ ಕೂಡಲೇ ನೀರು ದೋಣಿಯನ್ನು ಅಡ್ಡ ತಿರುಗಿಸುತ್ತದೆ. ಹಾಗಾಗಿ ಕಯಾಕನ್ನು ನಾನು ಮರಳು ದಿಬ್ಬದಿಂದ ಮರಳು ದಿಬ್ಬಕ್ಕೆ ಸಾಗುವ ವಾಹನವಾಗಿ ಬಳಸುತ್ತೇನೆ: ದಡ ಹತ್ತಿಸಿ, ಇಳಿದು, ನೀರಲ್ಲಿ ನಿಂತು ಎಸೆಯುವುದು. ಆ ಕೆಲಸಕ್ಕೆ ಅದರಷ್ಟು ಹಗುರವಾದದ್ದು ಬೇರಿಲ್ಲ.

ಒಬ್ಬರೇ ಹೋಗುವವರಿಗೆ ನಾನು ಹೇಳುವುದು ಪೊಂಟೂನ್. ಗಾಳಿ ತುಂಬಿದ ಎರಡು ಉದ್ದ ಕೊಳವೆ, ನಡುವೆ ಕಬ್ಬಿಣ ಅಥವಾ ಅಲ್ಯೂಮಿನಿಯಂ ಚೌಕಟ್ಟು, ಕುರ್ಚಿ, ಒಂದು ಜೊತೆ ಹುಟ್ಟು. 8–9 ಅಡಿ ಉದ್ದದ್ದು ಒಬ್ಬರಿಗೆ ಸಾಕು. ಕೂತಲ್ಲಿಂದಲೇ ಎಸೆಯಬೇಕಾದ್ದರಿಂದ ಎತ್ತರ ಕಡಿಮೆ, ಅದೇ ಅದರ ಗುಣ. ನೀರಿನೊಳಗಿನ ಮೀನಿಗೆ ಮೇಲಿನ ಲೋಕವೆಲ್ಲ ಸುಮಾರು 97 ಡಿಗ್ರಿ ಕೋನದ ಒಂದು ದುಂಡು ಕಿಟಕಿಯಲ್ಲಿ ಕಾಣುತ್ತದೆ. ತಗ್ಗಿನಲ್ಲಿರುವ ವಸ್ತು ಆ ಕಿಟಕಿಯ ಅಂಚಿನಲ್ಲಿ ಹಿಸುಕಿದಂತೆ ಮಸುಕಾಗಿ ಕಾಣುತ್ತದೆ. ನಿಂತವರು ಎದ್ದು ಕಾಣುತ್ತಾರೆ, ಕೂತವರು ಇನ್ನಷ್ಟು ಹತ್ತಿರ ಹೋಗಬಹುದು. ತಿಳಿನೀರಿನಲ್ಲಿ ಇದರ ವ್ಯತ್ಯಾಸ ನನಗೆ ಸ್ಪಷ್ಟವಾಗಿ ಕಂಡಿದೆ.

ಇಬ್ಬರು ಮೂವರು ಹೋಗುವಾಗ ಪೈಪೋಟಿ ಡ್ರಿಫ್ಟ್ ಬೋಟಿಗೂ ರಾಫ್ಟಿಗೂ. ಅಮೆರಿಕದ ಓರೆಗಾನ್‌ನ ಮೆಕೆಂಝಿ ನದಿಯಲ್ಲಿ ರೂಪ ಪಡೆದ ಡ್ರಿಫ್ಟ್ ಬೋಟನ್ನು ಪಕ್ಕದಿಂದ ನೋಡಿದರೆ ಎರಡೂ ತುದಿ ಮೇಲಕ್ಕೆ ಬಾಗಿರುತ್ತದೆ. ಈ ಬಾಗನ್ನು ರಾಕರ್ ಎನ್ನುತ್ತಾರೆ. ತಳದ ನಡುಭಾಗವಷ್ಟೇ ನೀರಲ್ಲಿ ಕೂರುವುದರಿಂದ ಒಂದು ಹುಟ್ಟಿನ ಎಳೆತಕ್ಕೇ ದೋಣಿ ಇದ್ದಲ್ಲೇ ತಿರುಗುತ್ತದೆ, ಸೆಳವಿಗೆ ಎದುರಾಗಿ ಸುಲಭವಾಗಿ ನಿಲ್ಲುತ್ತದೆ. ಗಟ್ಟಿ ನೆಲ, ಮಂಡಿ ಒತ್ತಿ ನಿಂತು ಎಸೆಯಲು ಆಸರೆ, ಲೈನು ಸಿಕ್ಕಿಕೊಳ್ಳದ ನುಣುಪು ಒಳಮೈ. 16 ಅಡಿಯ ದೋಣಿಯಲ್ಲಿ ಹುಟ್ಟು ಹಾಕುವವರೂ ಇಬ್ಬರು ಎಸೆಯುವವರೂ ಆರಾಮವಾಗಿ ಇರಬಹುದು. ನಿಧಾನ ಮಾಡುವ ಸುಖದಲ್ಲಿ ಇದನ್ನು ಮೀರಿಸುವ ದೋಣಿಯನ್ನು ನಾನು ನಡೆಸಿಲ್ಲ.

ಆದರೂ ನಾನು ಕೊಂಡದ್ದು ರಾಫ್ಟ್. ನನ್ನ ನೀರು ಕಲ್ಲುಗಳ ನೀರು, ಬೇಸಗೆಗೆ ತೆಳ್ಳಗಾಗುವ ನೀರು. ಗಟ್ಟಿ ದೋಣಿ ಬಂಡೆಗೆ ಬಡಿದರೆ ಒಡೆಯುತ್ತದೆ ಅಥವಾ ಅಡ್ಡ ಸಿಕ್ಕಿಕೊಳ್ಳುತ್ತದೆ. ಗಾಳಿಯ ರಾಫ್ಟ್ ಬಗ್ಗಿ ಜಾರಿಕೊಂಡು ಹೋಗುತ್ತದೆ. ಡ್ರಿಫ್ಟ್ ಬೋಟನ್ನು ಇಳಿಸಲು ಟ್ರೈಲರ್ ಹಿಂದಕ್ಕೆ ಬಿಡುವಂಥ ಇಳಿಜಾರು ಬೇಕು, ರಾಫ್ಟನ್ನು ನಾಲ್ಕು ಜನ ಹೊತ್ತು ದಂಡೆಯಿಂದ ಇಳಿಸಬಹುದು. ತಳ ತಾನೇ ನೀರು ಹೊರಹಾಕುವಂಥದ್ದನ್ನೇ ನೋಡಿದೆ. ಅದರಲ್ಲಿ ಗಾಳಿ ತುಂಬಿದ ನೆಲ ಕೊಳವೆಗಳಿಗೆ ಹಗ್ಗದಿಂದ ಹೊಲಿದಂತಿರುತ್ತದೆ, ಒಳಬಂದ ನೀರು ಅಂಚಿನ ಕಂಡಿಗಳಿಂದ ಇಳಿದುಹೋಗುತ್ತದೆ. ಉದ್ದ 13–14 ಅಡಿ. ಅದಕ್ಕಿಂತ ಉದ್ದದ್ದನ್ನು ಕಿರಿದಾದ ನದಿಯಲ್ಲಿ ತಿರುಗಿಸಲು ಜಾಗ ಸಾಲದು.

ರಾಫ್ಟಿನ ಬಟ್ಟೆಯಲ್ಲಿ ಎರಡು ಮುಖ್ಯ ಬಗೆ. ಪಿವಿಸಿ ಗಡುಸು, ಗಾಳಿ ತುಂಬಿದಾಗ ಬಿಗಿಯಾಗಿ ನಿಲ್ಲುತ್ತದೆ, ಕಲ್ಲಿನ ಮೇಲೆ ಚೆನ್ನಾಗಿ ಜಾರುತ್ತದೆ. ಮಡಿಸಿಡುವುದು ಕಷ್ಟ, ಚಳಿಯಲ್ಲಿ ಇನ್ನೂ ಕಷ್ಟ. ಹೈಪಲಾನ್ ಎಂದು ಕರೆಯುವ ರಬ್ಬರಿನ ಬಟ್ಟೆ ಮೆತ್ತಗೆ ಸುರುಳಿಯಾಗುತ್ತದೆ, ಬಿಸಿಲನ್ನು ಹೆಚ್ಚು ಕಾಲ ತಾಳುತ್ತದೆ, ತೇಪೆ ಹಾಕುವುದು ಸುಲಭ. ಡ್ಯುಪಾಂಟ್ ಕಂಪನಿ ಆ ಹೆಸರಿನ ರಬ್ಬರಿನ ತಯಾರಿಕೆಯನ್ನು 2010ರಲ್ಲಿ ನಿಲ್ಲಿಸಿದರೂ ಅದೇ ಜಾತಿಯ ಬಟ್ಟೆಗೆ ಹೆಸರು ಹಾಗೇ ಉಳಿದುಕೊಂಡಿದೆ. ಪ್ರತಿ ಸಲ ಬಿಚ್ಚಿ ಮಡಿಸಿಡುವವರು ಹೈಪಲಾನ್ ತೆಗೆದುಕೊಳ್ಳಲಿ. ಟ್ರೈಲರ್ ಮೇಲೆ ಗಾಳಿ ತುಂಬಿಯೇ ಇಡುವವರಿಗೆ ಪಿವಿಸಿ ಸಾಕು.

ಕೊಳ್ಳುವ ಮುಂಚೆ ನಾನು ಮಾಡಿದ ಪರೀಕ್ಷೆಯನ್ನು ನೀವೂ ಮಾಡಿ. ದೋಣಿಗೆ ಪೂರ್ತಿ ಭಾರ ಹೇರಿ, ಜೊತೆಗಾರರನ್ನು ಕೂರಿಸಿಕೊಂಡು, ಹದವಾದ ಸೆಳವಿನಲ್ಲಿ ದಡದ ಒಂದು ಕಲ್ಲನ್ನು ಗುರುತು ಇಟ್ಟುಕೊಂಡು ಅದರ ಎದುರಿಗೇ ಹಿಂದಕ್ಕೆ ಹುಟ್ಟೆಳೆಯುತ್ತಾ ನಿಲ್ಲಿ. ಉಸಿರು ಬಿಗಿಹಿಡಿಯದೆ, ಮಾತಾಡುತ್ತಾ ನಿಲ್ಲಲು ಆಗಬೇಕು. ಆಮೇಲೆ ದೋಣಿಯ ಹಿಂತುದಿಯನ್ನು ಹೋಗಬೇಕಾದ ದಡದ ಕಡೆಗೆ ಓರೆ ಮಾಡಿ, ಅದೇ ಎಳೆತದಲ್ಲಿ ಕೆಳಗೆ ಜಾರದೆ ಪಕ್ಕಕ್ಕೆ ದಾಟಿ ನೋಡಿ. ಈ ಎರಡೂ ಆಗದ ದೋಣಿ ಎಷ್ಟೇ ಚೆಂದವಿದ್ದರೂ ನಿಮ್ಮ ತೋಳಿಗಲ್ಲ, ಅಥವಾ ಆ ನದಿಗಲ್ಲ.

ಈ ಪರೀಕ್ಷೆಯಲ್ಲಿ ಅರ್ಧ ಉತ್ತರ ಹುಟ್ಟಿನದ್ದು. ರಾಫ್ಟಿನ ಜೊತೆಗೆ ಸಿಗುವ ಗಿಡ್ಡ ಹುಟ್ಟನ್ನು ಹಾಗೇ ಒಪ್ಪಿಕೊಳ್ಳಬೇಡಿ. ಹುಟ್ಟಿನ ಉದ್ದದಲ್ಲಿ ಮೂರನೇ ಒಂದು ಪಾಲು ಒಳಗೆ, ಎರಡು ಪಾಲು ಹೊರಗೆ ಇರಬೇಕು ಎಂಬ ಹಳೆಯ ಲೆಕ್ಕ ಸರಿಯಾಗಿಯೇ ಇದೆ. ನನ್ನ ರಾಫ್ಟಿನ ಅಗಲಕ್ಕೆ 9 ಅಡಿಯ ಹುಟ್ಟು ಹೊಂದಿತು; ಅಗಲವಾದ ದೋಣಿಗೆ 10 ಅಡಿ ಬೇಕಾಗಬಹುದು. ಮರದ ಹುಟ್ಟು ಕೈಗೆ ಹಿತ, ಸ್ವಲ್ಪ ಬಳುಕುವುದರಿಂದ ಭುಜ ನೋಯುವುದಿಲ್ಲ, ಆದರೆ ವಾರ್ನಿಷ್ ನೋಡಿಕೊಳ್ಳಬೇಕು. ಫೈಬರಿನದು ಹಗುರ, ಆರೈಕೆ ಕೇಳುವುದಿಲ್ಲ. ಅಲಗು ತಾನಾಗಿ ನೆಟ್ಟಗೆ ನಿಲ್ಲುವಂತೆ ಹಿಡಿಯುವ ಪಟ್ಟಿಯನ್ನು ಹುಟ್ಟು ಕೂರುವ ಕೊಂಡಿಗೆ ಹಾಕಿಸಿಕೊಂಡೆ. ಹುಟ್ಟು ಹಾಕುವವರ ಕಣ್ಣು ಅಲಗಿನ ಮೇಲಲ್ಲ, ಫ್ಲೈಯ ಮೇಲೆ ಇರಬೇಕಲ್ಲ. ಮೂರನೆಯ ಹುಟ್ಟೊಂದು ಯಾವಾಗಲೂ ಪಕ್ಕದಲ್ಲಿ, ಒಂದೇ ಕೈಯಲ್ಲಿ ಬಿಚ್ಚುವ ಹಾಗೆ ಕಟ್ಟಿರುತ್ತದೆ.

ಲಂಗರಿನ ವಿಷಯದಲ್ಲಿ ನಾನು ಕಟ್ಟುನಿಟ್ಟು. ಸುಮಾರು 30 ಪೌಂಡ್, ಅಂದರೆ 13–14 ಕಿಲೋ ತೂಕದ್ದು, ಹಿಂತುದಿಯ ರಾಟೆಯಿಂದ ಇಳಿಬಿಟ್ಟಿರುತ್ತೇನೆ. ಹುಟ್ಟಿನಲ್ಲಿ ಕೂತವರ ಕೈಗೋ ಕಾಲಿಗೋ ಹಗ್ಗದ ಬೀಗ ಸಿಗಬೇಕು. ಲಂಗರು ಹಾಕುವುದು ನಿಧಾನ ನೀರಿನಲ್ಲಿ, ಸುಳಿಯ ಅಂಚಿನಲ್ಲಿ, ತಳ ಕಾಣುವ ಕಡೆ ಮಾತ್ರ. ವೇಗದ ಸೆಳವಿನಲ್ಲಿ ಹಾಕಿದರೆ ಲಂಗರು ಬಂಡೆಯ ಸಂದಿಗೆ ಕಚ್ಚಿಕೊಂಡು ಹಿಂತುದಿಯನ್ನು ಕೆಳಗೆ ಜಗ್ಗುತ್ತದೆ, ಮೇಲಿಂದ ಬರುವ ನೀರು ದೋಣಿಯೊಳಗೇ ನುಗ್ಗುತ್ತದೆ. ಹಗ್ಗದ ಒಳತುದಿಗೆ ನಾನು ಗಂಟು ಹಾಕುವುದಿಲ್ಲ. ಬೀಗ ಬಿಟ್ಟರೆ ಪೂರ್ತಿ ಹಗ್ಗ ಓಡಿಹೋಗಲಿ. ಲಂಗರು ಹೋದರೆ ಹೋಗಲಿ, ಜನ ಉಳಿಯಬೇಕು. ಹಗ್ಗ ಕತ್ತರಿಸುವ ಚಾಕು ಎದೆಯ ಮೇಲೆ, ಲೈಫ್ ಜಾಕೆಟ್‌ಗೆ ಸಿಕ್ಕಿಸಿರುತ್ತದೆ.

ಲೈಫ್ ಜಾಕೆಟ್ ನೊರೆನೀರಿನಲ್ಲಿ ಬಳಸುವ, ಒಳಗೆ ಫೋಮ್ ಇರುವಂಥದ್ದೇ ಆಗಬೇಕು. ನೀರು ಬಿದ್ದಾಗ ತಾನೇ ಉಬ್ಬುವ ತೆಳು ಜಾಕೆಟ್ ಎಸೆಯಲು ಹಗುರ ನಿಜ. ಆದರೆ ಅಲೆ ಚಿಮ್ಮಿದರೂ ಉಬ್ಬಿಬಿಡುತ್ತದೆ, ಕಲ್ಲಿಗೆ ಉಜ್ಜಿದರೆ ಹರಿಯುತ್ತದೆ. ವಯಸ್ಕರಿಗೆ ಕನಿಷ್ಠ 15.5 ಪೌಂಡ್, ಅಂದರೆ ಸುಮಾರು 70 ನ್ಯೂಟನ್ ತೇಲುಬಲದ್ದು ನೋಡಿ. ತೋಳು ಪೂರ್ತಿ ತಿರುಗುವ ಕತ್ತರಿಕೆ ಇದ್ದರೆ ಎಸೆಯಲು ಅಡ್ಡಿಯಾಗುವುದಿಲ್ಲ. ಹಾಕಿಕೊಂಡು ಅಂಗಡಿಯಲ್ಲೇ ನಾಲ್ಕು ಸಲ ಕೈ ಬೀಸಿ ನೋಡಿ. ಇದರ ಜೊತೆ ಸೀಟಿ, 15–20 ಮೀಟರ್ ತೇಲುವ ಹಗ್ಗ ತುಂಬಿದ, ನೀರಿಗೆ ಬಿದ್ದವರತ್ತ ಎಸೆಯುವ ಚೀಲ, ಪಂಪು, ತೇಪೆ ಸಾಮಾನು. ನೀರಲ್ಲಿ ನಿಲ್ಲಲು ತೊಡುವ, ನೀರು ಒಳಬಿಡದ ವೇಡರ್ ಹಾಕಿದವರು ಸೊಂಟದ ಬೆಲ್ಟನ್ನು ಬಿಗಿಯದೆ ನನ್ನ ದೋಣಿ ಹತ್ತುವಂತಿಲ್ಲ.

ಇಷ್ಟಾದ ಮೇಲೆ ರಾಡು. ದೋಣಿ ನಿಧಾನವಾಗಿ ಸಾಗುತ್ತಿದ್ದರೆ ರಾಡಿನಿಂದ ಅದ್ಭುತಗಳನ್ನು ಬೇಡಬೇಕಾಗಿಲ್ಲ. ಟ್ರೌಟ್ ಗಾತ್ರದ ಮೀನಿಗೆ 9 ಅಡಿಯ 5 ಅಥವಾ 6ನೇ ವೇಯ್ಟಿನ ರಾಡು ಸಾಕು. ದೋಣಿಯಲ್ಲಿ ಗಾಳಿಗೆ ಮರೆ ಇರುವುದಿಲ್ಲ, ಆದ್ದರಿಂದ ನನ್ನ ಮತ 6ಕ್ಕೆ. ಈ ಸಂಖ್ಯೆ ಲೈನಿನ ಮೊದಲ 30 ಅಡಿಯ ತೂಕವನ್ನು ಹೇಳುತ್ತದೆ: 5ಕ್ಕೆ 140 ಗ್ರೇನ್, ಅಂದರೆ ಸುಮಾರು 9 ಗ್ರಾಂ, 6ಕ್ಕೆ 160, 8ಕ್ಕೆ 210. ರಾಡಿನ ಮೇಲಿನ ಸಂಖ್ಯೆಗೂ ಲೈನಿನ ಸಂಖ್ಯೆಗೂ ಹೊಂದಿಕೆ ಇರಬೇಕು. ಲೈನು ಸುತ್ತಿಡುವ ರೀಲಿಗಿಂತ ಲೈನಿಗೆ ಹೆಚ್ಚು ದುಡ್ಡು ಹಾಕಿ. ಎಸೆತವನ್ನು ಹೊತ್ತೊಯ್ಯುವುದು ಅದೇ.

ದೋಣಿಯಿಂದ ಎಸೆಯುವಾಗ ಒಂದೇ ಜಾಗ ಮತ್ತೆ ಸಿಗುವುದಿಲ್ಲ. ಎರಡು ಮೂರು ಸಲ ಗಾಳಿಯಲ್ಲಿ ಬೀಸುವಷ್ಟರಲ್ಲಿ ಆ ಬಂಡೆ ಹಿಂದೆ ಸರಿದಿರುತ್ತದೆ. ಹಾಗಾಗಿ ಮುಂಭಾಗದಲ್ಲಿ ತೂಕವಿರುವ, ಒಂದೇ ಬೀಸಿಗೆ ಹೊರಡುವ ವೇಯ್ಟ್ ಫಾರ್ವರ್ಡ್ ಲೈನು ತೆಗೆದುಕೊಂಡೆ. ಬಿಚ್ಚಿ ಕಟ್ಟುತ್ತಾ ಕೂರಲು ಹೊತ್ತಿಲ್ಲವಾದ್ದರಿಂದ ಎರಡು ರಾಡು ಸಿದ್ಧವಾಗಿರುತ್ತವೆ: ಒಂದಕ್ಕೆ ತೇಲುವ ಲೈನು, 9 ಅಡಿಯ ಲೀಡರ್ (ಲೈನಿಗೂ ಫ್ಲೈಗೂ ನಡುವಿನ ತೆಳು ದಾರ), ಅದರ ತುದಿಗೆ 4ಎಕ್ಸ್ ಅಥವಾ 5ಎಕ್ಸ್ ಟಿಪ್ಪೆಟ್ (ಫ್ಲೈ ಕಟ್ಟುವ ಕೊನೆಯ ತೆಳು ತುಂಡು), ಇನ್ನೊಂದಕ್ಕೆ ತುದಿ ಮುಳುಗುವ ಲೈನು, ಮೂರು ನಾಲ್ಕು ಅಡಿಯ ಗಿಡ್ಡ ಲೀಡರ್, ಮೀನಿನ ಮರಿಯಂತೆ ಕಾಣುವ ದೊಡ್ಡ ಸ್ಟ್ರೀಮರ್. ಎಕ್ಸ್ ಸಂಖ್ಯೆಯನ್ನು 11ರಿಂದ ಕಳೆದರೆ ದಾರದ ದಪ್ಪ ಇಂಚಿನ ಸಾವಿರದ ಲೆಕ್ಕದಲ್ಲಿ ಸಿಗುತ್ತದೆ: 5ಎಕ್ಸ್ ಎಂದರೆ 0.006 ಇಂಚು, ಸುಮಾರು 0.15 ಮಿಲಿಮೀಟರ್. ನೀರ ಮೇಲೆ ತೇಲುವ ಫ್ಲೈಗೆ ನೈಲಾನ್ ದಾರ, ಮುಳುಗುವುದಕ್ಕೆ ಫ್ಲೂರೋಕಾರ್ಬನ್. ಎರಡನೆಯದರ ಸಾಂದ್ರತೆ ಹೆಚ್ಚು, ಬೇಗ ಕೆಳಗಿಳಿಯುತ್ತದೆ.

ಎಸೆಯುವ ದಿಕ್ಕು ಸರಂಜಾಮಿನಷ್ಟೇ ಮುಖ್ಯ. ಮುಂದೆ ನಿಂತವರು ಕೆಳಹರಿವಿನ ಕಡೆಗೆ, ಸುಮಾರು 45 ಡಿಗ್ರಿ ಓರೆಯಾಗಿ ಎಸೆಯಬೇಕು. ಹಿಂದೆ ನಿಂತವರೂ ಅದೇ ಓರೆಯಲ್ಲಿ. ಎರಡು ಲೈನು ಒಂದಕ್ಕೊಂದು ಸಮವಾಗಿ ಬಿದ್ದರೆ ಸಿಕ್ಕಾಗುವುದಿಲ್ಲ, ಮತ್ತು ಫ್ಲೈ ದೋಣಿಗಿಂತ ಮುಂದೆ ಇರುವುದರಿಂದ ಮೀನಿಗೆ ದೋಣಿಗಿಂತ ಮೊದಲು ಹುಳು ಕಾಣುತ್ತದೆ. ಕೊಕ್ಕೆಯ ಹಿಂಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟಸ ಮಾಡಿ. ಮೀನನ್ನು ಬಿಡುವುದೂ ಸುಲಭ, ಗಾಳಿಗೆ ತಿರುಗಿ ಬಂದು ಯಾರ ಕಿವಿಗೋ ಚುಚ್ಚಿದರೆ ತೆಗೆಯುವುದೂ ಸುಲಭ. ಪೋಲರೈಸ್ಡ್ ಕನ್ನಡಕ ಕಣ್ಣಿಗೆ ಕಾವಲು, ಜೊತೆಗೆ ನೀರಿನ ಹೊಳಪು ಕಳೆದು ತಳದ ಬಂಡೆ ತೋರಿಸುತ್ತದೆ. ಹುಟ್ಟಿನಲ್ಲಿ ಕೂತವರಿಗೆ ಅದು ಇನ್ನೂ ಹೆಚ್ಚು ಬೇಕು.

ನೆಲದ ಮೇಲೆ ಏನೂ ಚಾಚಿಕೊಂಡಿರಬಾರದು. ಸಡಿಲ ಲೈನು ಹುಡುಕಿಕೊಂಡು ಹೋಗಿ ಪಟ್ಟಿಯ ಕೊಂಡಿಗೆ, ಬೂಟಿನ ಲೇಸಿಗೆ ಸುತ್ತಿಕೊಳ್ಳುತ್ತದೆ. ಎಲ್ಲ ಪಟ್ಟಿಗಳ ತುದಿ ಒಳಗೆ ಸಿಕ್ಕಿಸುತ್ತೇನೆ, ಚೀಲಗಳು ಚೌಕಟ್ಟಿಗೆ ಬಿಗಿದಿರುತ್ತವೆ. ಲೋಹದ ಮೊಳೆ ಹೊಡೆದ ಬೂಟು ರಾಫ್ಟಿಗೆ ಬೇಡ. ಅಡಿಭಾಗಕ್ಕೆ ಒತ್ತಿದ ಉಣ್ಣೆಯಂಥ ಫೆಲ್ಟ್ ಇರುವ ಬೂಟು ಪಾಚಿಗಲ್ಲಿನ ಮೇಲೆ ಚೆನ್ನಾಗಿ ಹಿಡಿಯುತ್ತದೆ, ಆದರೆ ಬೇಗ ಒಣಗದೆ ಒಂದು ನದಿಯ ಪಾಚಿ, ರೋಗಾಣುಗಳನ್ನು ಇನ್ನೊಂದಕ್ಕೆ ಒಯ್ಯಬಹುದು. ನ್ಯೂಜಿಲೆಂಡಿನಲ್ಲಿ 2004ರಲ್ಲಿ ಡಿಡಿಮೊ ಎಂಬ ಪಾಚಿ ಕಾಣಿಸಿಕೊಂಡ ಮೇಲೆ, 2008ರಲ್ಲಿ ಅಲ್ಲಿ ಮೀನು ಹಿಡಿಯುವವರಿಗೆ ಫೆಲ್ಟ್ ಅಡಿಯನ್ನೇ ನಿಷೇಧಿಸಿದರು. ನಾನು ರಬ್ಬರ್ ಅಡಿಯನ್ನೇ ಆರಿಸಿಕೊಂಡೆ.

ಬಲೆಯ ಜಾಲರಿ ರಬ್ಬರಿನದ್ದಾಗಿರಲಿ, ನೂಲಿನದ್ದು ಮೀನಿನ ಮೈಯ ಲೋಳೆಯನ್ನು ಕೆರೆಯುತ್ತದೆ. ಹಿಡಿ ಉದ್ದವಿರಲಿ, ದೋಣಿಯಿಂದ ಬಾಗಿ ಎತ್ತಬೇಕು. ಪುಟ್ಟದೊಂದು ಥರ್ಮಾಮೀಟರನ್ನೂ ದಾರಕ್ಕೆ ಕಟ್ಟಿಡಿ. 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ ಲೀಟರಿಗೆ ಸುಮಾರು 11.3 ಮಿಲಿಗ್ರಾಂ ಆಮ್ಲಜನಕ ಕರಗಿರಬಲ್ಲದು, 20 ಡಿಗ್ರಿಯಲ್ಲಿ ಸುಮಾರು 9.1 ಅಷ್ಟೇ. ಸೆಣಸಿ ಸುಸ್ತಾದ ಟ್ರೌಟ್ ಬೆಚ್ಚನೆ ನೀರಿನಲ್ಲಿ ಬಿಟ್ಟರೂ ಬದುಕುವ ಭರವಸೆ ಕಡಿಮೆ. 20 ದಾಟಿದರೆ ನಾನು ಟ್ರೌಟ್‌ಗೆ ಎಸೆಯುವುದಿಲ್ಲ. ಆ ಹೊತ್ತನ್ನು ಹುಟ್ಟು ಹಾಕುವ ಅಭ್ಯಾಸಕ್ಕೆ, ಹೊಸಬರಿಗೆ ಹಿಂದಕ್ಕೆ ಎಳೆಯುವುದನ್ನು ಕಲಿಸಲು ಬಳಸುತ್ತೇನೆ.

ದಿನ ಮುಗಿದ ಮೇಲಿನ ಕೆಲಸವೂ ಸರಂಜಾಮಿನ ಭಾಗವೇ. ಬಿಸಿಲಲ್ಲಿ ದಡಕ್ಕೆ ಎಳೆದಿಟ್ಟ ರಾಫ್ಟಿನ ಗಾಳಿ ಹಿಗ್ಗುತ್ತದೆ, ಕೂಡಲೇ ಸ್ವಲ್ಪ ಬಿಡಬೇಕು. ಮತ್ತೆ ತಣ್ಣೀರಿಗೆ ಇಳಿಸಿದಾಗ ಮೆತ್ತಗಾಗಿರುತ್ತದೆ, ಪಂಪು ಹೊಡೆಯಬೇಕು. ಮನೆಗೆ ಬಂದು ಮಣ್ಣು, ಪಾಚಿ ತೊಳೆದು, ನೆಲದ ಹೊಲಿಗೆ ಸಂದಿಗಳ ನೀರು ಪೂರ್ತಿ ಆರುವವರೆಗೆ ನೆರಳಲ್ಲಿ ಬಿಡುತ್ತೇನೆ. ಲೈನನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ, ಲಂಗರಿನ ಹಗ್ಗವನ್ನು ಉದ್ದಕ್ಕೂ ಬೆರಳಾಡಿಸಿ ಎಲ್ಲಾದರೂ ಸವೆದಿದೆಯೇ ನೋಡಿ, ಸವೆದಿದ್ದರೆ ಆ ದಿನವೇ ಬದಲಾಯಿಸುತ್ತೇನೆ.